ದಾನದ ದುಡ್ಡು, ದೇಶಗಳ ನಿಲುವು: ಓದುಗರ ಪ್ರಶ್ನೆಗಳಿಗೆ ಉತ್ತರ

ಇನ್ನು 20 ವರ್ಷದಲ್ಲಿ 20,000 ಕೋಟಿ ಡಾಲರ್ ಖರ್ಚು ಮಾಡಿ, 2045ರ ಡಿಸೆಂಬರ್ 31ಕ್ಕೆ ನಮ್ಮ ಪ್ರತಿಷ್ಠಾನದ ಬಾಗಿಲು ಮುಚ್ಚುತ್ತೇವೆ ಎಂದು ಬಿಲ್ ಗೇಟ್ಸ್ 2025ರ ಮೇ ತಿಂಗಳಲ್ಲಿ ಹೇಳಿದರು. ಅದರ ಬಗ್ಗೆ ಈ ಅಂಕಣದಲ್ಲಿ ನಾಲ್ಕೇ ಸಾಲು ಬರೆದಿದ್ದೆ. ಅಷ್ಟು ಹಣ ಇರುವವರು ದೇಶಗಳ ನಡುವಿನ ವ್ಯವಹಾರದಲ್ಲೂ ಕೈಯಾಡಿಸುತ್ತಾರೆ, ಅದನ್ನು ಗಮನಿಸಬೇಕು ಅಂದಿದ್ದೆ, ಅಷ್ಟೇ. ಅದಕ್ಕೆ ಬಂದ ಪತ್ರಗಳು ತುಂಬಾ. ಕೆಲವರು ಬೈದಿದ್ದಾರೆ, ಕೆಲವರು ಇನ್ನೂ ಹೇಳಿ ಅಂದಿದ್ದಾರೆ. ಒಂದೇ ತರಹದವನ್ನು ಒಟ್ಟುಗೂಡಿಸಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಖಾಸಗಿ ಪ್ರತಿಷ್ಠಾನಕ್ಕೆ ಸೈನ್ಯ ಇಲ್ಲ, ರಾಯಭಾರ ಕಚೇರಿ ಇಲ್ಲ, ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರವೂ ಇಲ್ಲ. ಹಾಗಿದ್ದ ಮೇಲೆ ವಿದೇಶಾಂಗ ನೀತಿಯ ಮೇಲೆ ಅದರ ಪ್ರಭಾವ ಅನ್ನುವುದು ಸುಮ್ನೆ ದೊಡ್ಡದು ಮಾಡಿದ ಮಾತಲ್ವಾ?

ಉತ್ತರ: ದೊಡ್ಡದು ಮಾಡಿ ಹೇಳುವವರು ಇದ್ದಾರೆ, ನಿಜ. ಆದರೂ ಪ್ರಭಾವ ಇದೆ. ನಾವು ಅದನ್ನು ಹುಡುಕುವ ಜಾಗ ತಪ್ಪು. ಮಂತ್ರಿಯ ಕಿವಿಯಲ್ಲಿ ಯಾರಾದರೂ ಪಿಸುಗುಟ್ಟಿದರಾ ಅಂತ ನೋಡುತ್ತೇವೆ. ಅಷ್ಟು ಹೊತ್ತಿಗೆ ಪ್ರತಿಷ್ಠಾನದ ಕೆಲಸ ಮುಗಿದು ಎಷ್ಟೋ ಕಾಲ ಆಗಿರುತ್ತದೆ.

1939ರ ಸೆಪ್ಟೆಂಬರ್ ತಿಂಗಳನ್ನೇ ನೋಡಿ. ಯುರೋಪಿನಲ್ಲಿ ಯುದ್ಧ ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ನ್ಯೂಯಾರ್ಕಿನ ಕೌನ್ಸಿಲ್ ಆನ್ ಫಾರಿನ್ ರಿಲೇಶನ್ಸ್ ಎಂಬ ಖಾಸಗಿ ಸಂಸ್ಥೆಯ ಇಬ್ಬರು ವಾಷಿಂಗ್ಟನ್ನಿಗೆ ಹೋಗಿ ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿಗಳನ್ನು ಕಂಡರು. ಯುದ್ಧ ಎತ್ತ ಸಾಗಬಹುದು, ಮುಗಿದ ಮೇಲೆ ಜಗತ್ತು ಹೇಗಿರಬೇಕು, ಇದನ್ನೆಲ್ಲ ನಾವು ಕೂತು ಅಧ್ಯಯನ ಮಾಡಿ ಕೊಡುತ್ತೇವೆ ಅಂದರು. ಇಲಾಖೆಯಲ್ಲಿ ಆಗ ಇಂಥ ದೂರದ ಯೋಚನೆಗೆ ಬೇಕಾದಷ್ಟು ಜನವೇ ಇರಲಿಲ್ಲ. ಹಣ ಕೊಟ್ಟದ್ದು ರಾಕ್‌ಫೆಲರ್ ಪ್ರತಿಷ್ಠಾನ. ಒಟ್ಟು ಮೂರೂವರೆ ಲಕ್ಷ ಡಾಲರ್‌ನಷ್ಟು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 700 ಟಿಪ್ಪಣಿಗಳು ಇಲಾಖೆಗೆ ಹೋಗಿದ್ದವು.

ಅದರಲ್ಲಿ ಒಂದು ಟಿಪ್ಪಣಿ ಗ್ರೀನ್‌ಲ್ಯಾಂಡ್ ಬಗ್ಗೆ. 1940ರ ಮಾರ್ಚ್‌ನಲ್ಲಿ ಬರೆದದ್ದು. ಡೆನ್ಮಾರ್ಕ್ ಜರ್ಮನಿಯ ಕೈಗೆ ಸಿಕ್ಕರೆ ಅದರ ಅಧೀನದಲ್ಲಿರುವ ಗ್ರೀನ್‌ಲ್ಯಾಂಡ್ ಗತಿ ಏನು, ಅದನ್ನು ಅಮೆರಿಕ ಖಂಡದ ಭಾಗ ಅಂತ ಪರಿಗಣಿಸಿ, ಆ ಖಂಡದಲ್ಲಿ ಯುರೋಪಿನ ದೇಶಗಳು ಕೈ ಹಾಕಬಾರದು ಅನ್ನುವ ಅಮೆರಿಕದ ಹಳೆಯ ನೀತಿಯಾದ ಮನ್ರೋ ಸಿದ್ಧಾಂತದೊಳಗೆ ತರಬೇಕು, ಎಂಬ ಸಲಹೆ ಅದರಲ್ಲಿತ್ತು. ಏಪ್ರಿಲ್ 9ಕ್ಕೆ ಜರ್ಮನಿ ಡೆನ್ಮಾರ್ಕಿಗೆ ನುಗ್ಗಿತು. ಅಧ್ಯಕ್ಷ ರೂಸ್‌ವೆಲ್ಟ್ ಅದೇ ತಿಂಗಳು ಅದೇ ನಿಲುವು ತೆಗೆದುಕೊಂಡರು.

ಇಲ್ಲಿ ಯಾರೂ ಯಾರಿಗೂ ಲಂಚ ಕೊಟ್ಟಿಲ್ಲ. ಬಾಗಿಲ ಹಿಂದೆ ಒಪ್ಪಂದವೂ ಆಗಿಲ್ಲ. ಸರ್ಕಾರ ಯಾವಾಗಲೂ ಅವಸರದಲ್ಲಿರುತ್ತದೆ, ಅವಸರದಲ್ಲಿರುವವರು ಮೇಜಿನ ಮೇಲೆ ಇರುವ ಕಾಗದವನ್ನೇ ಓದುತ್ತಾರೆ. ಆ ಕಾಗದ ಬರೆಯುವವರಿಗೆ ವರ್ಷಗಟ್ಟಲೆ ಸಂಬಳ ಕೊಟ್ಟು ಸಾಕಿದವರು ಯಾರು, ಬರೆಯದೇ ಉಳಿದ ಕಾಗದ ಯಾವುದು, ಇದನ್ನು ಕೇಳಬೇಕು. ನಾನು ಈ ವಿಷಯದಲ್ಲಿ ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಷ್ಟೇ. ಕೆಳಗಿನ ಉತ್ತರಗಳಲ್ಲೂ ಇದೇ ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಇದನ್ನು ಮೊದಲು ಶುರು ಮಾಡಿದವರು ಯಾರು?

ಉತ್ತರ: ದೊಡ್ಡ ಮಟ್ಟದಲ್ಲಿ ಅಂದರೆ ಆಂಡ್ರ್ಯೂ ಕಾರ್ನೆಗಿ. ಉಕ್ಕಿನ ಉದ್ಯಮದಲ್ಲಿ ದುಡಿದ ಹಣ. 1910ರ ಡಿಸೆಂಬರ್‌ನಲ್ಲಿ 1 ಕೋಟಿ ಡಾಲರ್ ತೆಗೆದಿಟ್ಟು ಅಂತಾರಾಷ್ಟ್ರೀಯ ಶಾಂತಿಗಾಗಿ ಕಾರ್ನೆಗಿ ಎಂಡೋಮೆಂಟ್ ಎಂಬ ದತ್ತಿ ಸಂಸ್ಥೆ ಕಟ್ಟಿದರು. ಟ್ರಸ್ಟಿಗಳಿಗೆ ಅವರು ಬರೆದ ಪತ್ರದಲ್ಲಿ ಒಂದು ಮಾತಿದೆ: ಯುದ್ಧವನ್ನು ಇಲ್ಲವಾಗಿಸಿದ ಮೇಲೆ, ಮನುಷ್ಯರಲ್ಲಿ ಉಳಿದಿರುವ ಅದರ ನಂತರದ ದೊಡ್ಡ ಕೇಡು ಯಾವುದು ಅಂತ ನೋಡಿ ಅದನ್ನು ತೊಲಗಿಸಲು ಈ ಹಣ ಬಳಸಿ. ಯುದ್ಧ ಮುಗಿದೇ ಹೋಗುತ್ತದೆ ಅಂತ ಅವರು ಮನಸಾರೆ ನಂಬಿದ್ದರು. ಹೇಗ್ ನಗರದಲ್ಲಿ ಅವರ ಹಣದಿಂದ ಕಟ್ಟಿದ ಶಾಂತಿ ಅರಮನೆ 1913ರ ಆಗಸ್ಟ್‌ನಲ್ಲಿ ತೆರೆಯಿತು. ಒಂದು ವರ್ಷ ತುಂಬುವ ಮೊದಲೇ ಮೊದಲ ಮಹಾಯುದ್ಧ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಆ ಎಂಡೋಮೆಂಟಿನ ಮೊದಲ ಅಧ್ಯಕ್ಷರಾದವರು ಎಲಿಹು ರೂಟ್. ಅದಕ್ಕೂ ಮೊದಲು ಅವರು ಅಮೆರಿಕದ ಯುದ್ಧ ಸಚಿವರೂ ವಿದೇಶಾಂಗ ಸಚಿವರೂ ಆಗಿದ್ದವರು. ಅಂದರೆ ಸರ್ಕಾರಕ್ಕೂ ಪ್ರತಿಷ್ಠಾನಕ್ಕೂ ನಡುವಿನ ಓಡಾಟ ಮೊದಲ ದಿನದಿಂದಲೇ ಇದೆ. ರಾಕ್‌ಫೆಲರ್ ಪ್ರತಿಷ್ಠಾನ ಬಂದದ್ದು 1913ರಲ್ಲಿ, ಫೋರ್ಡ್ ಪ್ರತಿಷ್ಠಾನ 1936ರಲ್ಲಿ.

ಪ್ರಶ್ನೆ: ಆ ಓಡಾಟದ ಬಗ್ಗೆಯೇ ನನ್ನ ಪ್ರಶ್ನೆ. ಇಂದು ಪ್ರತಿಷ್ಠಾನದಲ್ಲಿ ಇರುವವರು ನಾಳೆ ಮಂತ್ರಿ, ನಾಡಿದ್ದು ಮತ್ತೆ ಪ್ರತಿಷ್ಠಾನ. ಇದು ನಿಜವಾಗಿ ಎಷ್ಟು ನಡೆಯುತ್ತದೆ?

ಉತ್ತರ: ಅಮೆರಿಕದಲ್ಲಿ, ಅದರಲ್ಲೂ ಶೀತಲ ಸಮರದ ಕಾಲದಲ್ಲಿ, ಎಷ್ಟು ನಡೆಯಿತು ಅಂದರೆ ಹೆಸರುಗಳನ್ನು ಹೇಳಿದರೆ ಸಾಕು. ಜಾನ್ ಫಾಸ್ಟರ್ ಡಲೆಸ್ ರಾಕ್‌ಫೆಲರ್ ಪ್ರತಿಷ್ಠಾನದ ಟ್ರಸ್ಟಿಗಳ ಮುಖ್ಯಸ್ಥರಾಗಿದ್ದರು, 1953ರಲ್ಲಿ ವಿದೇಶಾಂಗ ಸಚಿವರಾದರು. ಡೀನ್ ರಸ್ಕ್ 1952ರಿಂದ ಅದೇ ಪ್ರತಿಷ್ಠಾನದ ಅಧ್ಯಕ್ಷ, 1961ರಲ್ಲಿ ವಿದೇಶಾಂಗ ಸಚಿವ. 1977ರಲ್ಲಿ ಆ ಕುರ್ಚಿಗೆ ಬಂದ ಸೈರಸ್ ವ್ಯಾನ್ಸ್ ಕೂಡ ಅಲ್ಲಿನ ಟ್ರಸ್ಟಿಗಳ ಮುಖ್ಯಸ್ಥರಾಗಿದ್ದವರೇ. ಫೋರ್ಡ್ ಕಡೆ ನೋಡಿದರೆ, ಯುದ್ಧದಲ್ಲಿ ಹಾಳಾದ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ಕೊಟ್ಟ ಮಾರ್ಷಲ್ ಯೋಜನೆಯ ಹಣ ಹಂಚಿದ ಪಾಲ್ ಹಾಫ್‌ಮನ್ ಆ ಕೆಲಸ ಮುಗಿಸಿ ಫೋರ್ಡ್ ಪ್ರತಿಷ್ಠಾನದ ಅಧ್ಯಕ್ಷರಾದರು. ಸೋತ ಜರ್ಮನಿಯಲ್ಲಿ ಅಮೆರಿಕದ ಹೈಕಮಿಷನರ್ ಆಗಿದ್ದ ಜಾನ್ ಮೆಕ್‌ಲಾಯ್ ಅದರ ಟ್ರಸ್ಟಿಗಳ ಮುಖ್ಯಸ್ಥರಾದರು. ವಿಯೆಟ್ನಾಂ ಯುದ್ಧ ಏರುತ್ತಿದ್ದ ವರ್ಷಗಳಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮ್ಯಾಕ್‌ಜಾರ್ಜ್ ಬಂಡಿ 1966ರಲ್ಲಿ ನೇರ ಫೋರ್ಡ್ ಅಧ್ಯಕ್ಷರ ಕೋಣೆಗೆ ಹೋದರು.

ಇದನ್ನು ಸಂಚು ಅನ್ನಬೇಕಾಗಿಲ್ಲ. ಒಂದೇ ರೀತಿ ಓದಿದ, ಒಂದೇ ರೀತಿ ಯೋಚಿಸುವ ನೂರಿನ್ನೂರು ಜನ ಅಷ್ಟೇ ಕುರ್ಚಿಗಳ ನಡುವೆ ಸುತ್ತುತ್ತಿದ್ದರೆ ಸಂಚಿನ ಅಗತ್ಯವೇ ಬೀಳುವುದಿಲ್ಲ. ಬೇರೆ ರೀತಿ ಯೋಚಿಸುವವರು ಹೊರಗೇ ಉಳಿಯುತ್ತಾರೆ. ವಿಯೆಟ್ನಾಂ ವಿಷಯದಲ್ಲಿ ರಸ್ಕ್, ಬಂಡಿ ಇಬ್ಬರೂ ತಪ್ಪು ದಾರಿ ಹಿಡಿದರು. ಅವರಿಗೆ ಎದುರು ಹೇಳಬೇಕಾದ ವಿದ್ವಾಂಸರು ಅವರಂಥವರ ಅನುದಾನದಲ್ಲೇ ಬದುಕಬೇಕಾಗಿದ್ದರೆ ಎದುರು ಹೇಳುವುದು ಎಷ್ಟು ಕಷ್ಟ, ಯೋಚಿಸಿ.

ಪ್ರಶ್ನೆ: ಹಣ ಕೊಟ್ಟವರು "ಇಂಥದ್ದೇ ಬರೆಯಿರಿ" ಅಂತ ನೇರವಾಗಿ ಹೇಳುತ್ತಾರಾ?

ಉತ್ತರ: ನನಗೆ ಯಾರೂ ಹೇಳಿಲ್ಲ. ಆದರೆ ನನ್ನದೇ ಒಂದು ಅನುಭವ ಇದೆ, ಹೇಳುತ್ತೇನೆ.

ತುಂಬಾ ವರ್ಷಗಳ ಹಿಂದೆ ಒಂದು ಚಿಕ್ಕ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೆ. ನಾವು ಮೂವರು. ಎರಡು ದೇಶಗಳ ನಡುವೆ ಹರಿಯುವ ನದಿಗಳ ನೀರು ಹಂಚಿಕೆ ಬಗ್ಗೆ ಅಧ್ಯಯನ ಮಾಡಬೇಕು ಅಂತ ನಮ್ಮ ಆಸೆ. ಎರಡೂ ದಡದ ರೈತರು ಏನು ಹೇಳುತ್ತಾರೆ ಅನ್ನುವುದರಿಂದ ಶುರು ಮಾಡೋಣ ಅಂತ ಇತ್ತು. ಆ ವರ್ಷ ಒಂದು ದೊಡ್ಡ ಪ್ರತಿಷ್ಠಾನ ಅರ್ಜಿ ಕರೆದಿತ್ತು, ಆದರೆ ವಿಷಯ "ಭದ್ರತೆ ಮತ್ತು ಸಂಘರ್ಷ". ನಾವು ಕೂತು ನಮ್ಮ ಪ್ರಸ್ತಾವದ ಶೀರ್ಷಿಕೆಯಲ್ಲಿ "ನೀರು ಹಂಚಿಕೆ" ತೆಗೆದು "ಜಲ ಭದ್ರತೆ" ಅಂತ ಹಾಕಿದೆವು. ಒಳಗಿನ ಒಂದು ಸಾಲೂ ಬದಲಿಸಲಿಲ್ಲ. ಹಣ ಬಂತು, ಖುಷಿಪಟ್ಟೆವು. ಆರು ತಿಂಗಳಿಗೊಮ್ಮೆ ವರದಿ ಕೊಡಬೇಕಿತ್ತು, ಆ ವರದಿಯ ನಮೂನೆಯಲ್ಲಿದ್ದ ಕಾಲಂಗಳು: ಅಪಾಯ, ಸಂಘರ್ಷದ ಸಾಧ್ಯತೆ, ನೀತಿ ಶಿಫಾರಸು. ಕಾಲಂ ತುಂಬಿಸುತ್ತಾ ತುಂಬಿಸುತ್ತಾ ನಮ್ಮ ಪ್ರಶ್ನೆಗಳೇ ಬದಲಾದವು. ರೈತರ ಹತ್ತಿರ ಹೋಗಿ "ನೀರು ಸಾಕಾಗುತ್ತಾ" ಅಂತ ಕೇಳುತ್ತಿದ್ದವರು "ಆ ಕಡೆಯವರ ಮೇಲೆ ಸಿಟ್ಟು ಇದೆಯಾ" ಅಂತ ಕೇಳತೊಡಗಿದೆವು. ಎರಡನೇ ವರ್ಷ ಪುಸ್ತಕ ಬಂದಾಗ ರೈತರ ಅಧ್ಯಾಯ ಕೊನೆಗೆ ಅನುಬಂಧವಾಗಿ ಹೋಗಿತ್ತು. ಮುಂದೆ ಒಂದು ಸಭೆಯಲ್ಲಿ ಒಬ್ಬ ಅಧಿಕಾರಿ ಅದೇ ಪುಸ್ತಕ ಎತ್ತಿ ಹಿಡಿದು, ನೀರಿಗಾಗಿ ಘರ್ಷಣೆ ಆಗುವ ಅಪಾಯ ಜಾಸ್ತಿ ಇದೆ ಅಂತ ಸಂಶೋಧಕರೇ ಹೇಳಿದ್ದಾರೆ ಅಂದರು. ನಾವು ಹೇಳಿದ್ದೇ ಅದು, ಅಲ್ವಾ? ಯಾರೂ ನಮ್ಮ ಕೈ ಹಿಡಿದು ಬರೆಸಿರಲಿಲ್ಲ.

ಇಂದಿಗೂ ಆ ಅನುಬಂಧದ ಬಗ್ಗೆ ನನಗೆ ಬೇಸರ ಇದೆ.

ಪ್ರಶ್ನೆ: ಹಸಿರು ಕ್ರಾಂತಿಯ ಹಿಂದೆ ರಾಕ್‌ಫೆಲರ್ ಮತ್ತು ಫೋರ್ಡ್ ಹಣ ಇತ್ತು. ಕೋಟ್ಯಂತರ ಜನರ ಹೊಟ್ಟೆ ತುಂಬಿಸಿದ ಕೆಲಸವನ್ನೂ ರಾಜಕೀಯ ಅನ್ನುವುದು ಅನ್ಯಾಯವಲ್ಲವೇ?

ಉತ್ತರ: ಹೊಟ್ಟೆ ತುಂಬಿದ್ದು ನಿಜ, ಅದನ್ನು ಸಣ್ಣದು ಮಾಡಿ ಹೇಳುವುದು ನನ್ನಿಂದ ಆಗುವುದಿಲ್ಲ. ರಾಜಕೀಯ ಇದ್ದದ್ದೂ ಅಷ್ಟೇ ನಿಜ. ಅದನ್ನು ಮಾಡಿದವರೇ ಮುಚ್ಚಿಡಲಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನ 1943ರಲ್ಲಿ ಮೆಕ್ಸಿಕೋದಲ್ಲಿ ಕೃಷಿ ಕಾರ್ಯಕ್ರಮ ಶುರು ಮಾಡಿತು. ನಾರ್ಮನ್ ಬೋರ್ಲಾಗ್ ಗೋಧಿ ತಳಿಗಳ ಮೇಲೆ ಕೆಲಸ ಮಾಡಿದ್ದು ಅಲ್ಲೇ. 1960ರಲ್ಲಿ ಫೋರ್ಡ್ ಮತ್ತು ರಾಕ್‌ಫೆಲರ್ ಸೇರಿ ಫಿಲಿಪ್ಪೀನ್ಸ್‌ನಲ್ಲಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಕಟ್ಟಿದವು, 1966ರಲ್ಲಿ ಐಆರ್8 ತಳಿ ಅಲ್ಲಿಂದ ಹೊರಬಂತು. "ಹಸಿರು ಕ್ರಾಂತಿ" ಅನ್ನುವ ಹೆಸರನ್ನು 1968ರಲ್ಲಿ ಕೊಟ್ಟವರು ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥ ವಿಲಿಯಂ ಗಾಡ್. ಸೋವಿಯತ್ತರ ಕೆಂಪು ಕ್ರಾಂತಿಯಂಥದ್ದಲ್ಲ, ಇದು ಹಸಿರು ಕ್ರಾಂತಿ ಅಂತ ಆ ಭಾಷಣದಲ್ಲೇ ಹೇಳಿದರು. ಹಸಿದ ಹಳ್ಳಿಗಳು ಕಮ್ಯುನಿಸ್ಟರ ಕಡೆ ತಿರುಗುತ್ತವೆ ಅನ್ನುವುದು ಆಗ ವಾಷಿಂಗ್ಟನ್ನಿನ ದೊಡ್ಡ ಭಯ. ಬೀಜ ಅದಕ್ಕೊಂದು ಉತ್ತರ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಹಳ್ಳಿಯ ಬಡತನದ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ "ಭೂಮಿ ಯಾರ ಕೈಯಲ್ಲಿದೆ" ಅನ್ನುವುದೂ ಒಂದು, "ಯಾವ ಬೀಜ ಬಿತ್ತಬೇಕು" ಅನ್ನುವುದೂ ಒಂದು. ಎರಡನೆಯ ಪ್ರಶ್ನೆಗೆ ಪ್ರಯೋಗಾಲಯ ಬಂತು, ವಿದ್ಯಾರ್ಥಿವೇತನ ಬಂತು, ವಿಮಾನದ ಟಿಕೆಟ್ ಬಂತು. ಮೊದಲನೆಯದಕ್ಕೆ ಅದರ ಒಂದು ಪಾಲೂ ಬರಲಿಲ್ಲ. ಬೀಜ ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾವ ಪ್ರಶ್ನೆಗೆ ದುಡ್ಡು ಸಿಗುತ್ತದೋ ಆ ಪ್ರಶ್ನೆಯೇ ದೇಶದ ಪ್ರಶ್ನೆ ಆಗಿಬಿಡುತ್ತದೆ ಅನ್ನುವುದು ನನ್ನ ಚಿಂತೆ.

ಜನರನ್ನು ತಯಾರು ಮಾಡುವುದರಲ್ಲೂ ಹೀಗೆಯೇ. ಇಂಡೋನೇಷ್ಯಾದ ಅರ್ಥಶಾಸ್ತ್ರಜ್ಞರನ್ನು ಫೋರ್ಡ್ ಪ್ರತಿಷ್ಠಾನ 1950ರ ದಶಕದಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಕಳಿಸಿ ಓದಿಸಿತು. ಅಧ್ಯಕ್ಷ ಸುಕರ್ನೊ ಆಳ್ವಿಕೆ ಮುಗಿದು ಸೇನಾ ಜನರಲ್ ಸುಹಾರ್ತೊ ಅಧಿಕಾರಕ್ಕೆ ಬಂದಾಗ ಆರ್ಥಿಕ ನೀತಿ ಯಾರ ಕೈಗೆ ಹೋಯಿತು? ವಿಜೋಯೊ ನಿತಿಸಾಸ್ತ್ರೊ ಮತ್ತು ಅವರ ಗೆಳೆಯರ ಕೈಗೆ. "ಬರ್ಕ್ಲಿ ಮಾಫಿಯಾ" ಅಂತಲೇ ಅವರಿಗೆ ಹೆಸರು ಬಿತ್ತು. ಬೇರೆ ರೀತಿ ಓದಿದವರು ಆ ಹೊತ್ತಿಗೆ ಸಿದ್ಧವಾಗಿ ನಿಂತಿರಲಿಲ್ಲ. 1965-66ರ ಹತ್ಯಾಕಾಂಡದ ನಂತರ ಎಷ್ಟೋ ಎಡಪಂಥೀಯರು ಜೀವಂತವಾಗಿಯೇ ಉಳಿದಿರಲಿಲ್ಲ. ಆ ಹತ್ಯೆಗಳನ್ನು ಪ್ರತಿಷ್ಠಾನ ಮಾಡಿಸಿತು ಅಂತ ನಾನು ಹೇಳುವುದಿಲ್ಲ. ಸೈನ್ಯ ಅಧಿಕಾರ ಹಿಡಿದಾಗ ಪ್ರತಿಷ್ಠಾನ ಓದಿಸಿದವರೇ ಕೈಗೆ ಸಿಕ್ಕ ತಜ್ಞರಾಗಿದ್ದರು, ನಾನು ಹೇಳುತ್ತಿರುವುದು ಅಷ್ಟು.

ಪ್ರಶ್ನೆ: ಎಲ್ಲ ಪ್ರತಿಷ್ಠಾನಗಳ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇದೆ ಅಂತ ನಮ್ಮ ಚಿಕ್ಕಪ್ಪ ಹೇಳುತ್ತಾರೆ. ಸರಿಯಾ?

ಉತ್ತರ: "ಎಲ್ಲ" ಅನ್ನುವುದು ತಪ್ಪು. ಆದರೆ ನಿಮ್ಮ ಚಿಕ್ಕಪ್ಪನ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. 1964ರಲ್ಲಿ ಅಮೆರಿಕದ ಸಂಸದ ರೈಟ್ ಪ್ಯಾಟ್‌ಮನ್ ಪ್ರತಿಷ್ಠಾನಗಳ ಲೆಕ್ಕ ಕೆದಕುತ್ತಾ ಹೋದಾಗ ಒಂದು ಪ್ರತಿಷ್ಠಾನದ ಮೂಲಕ ಸಿಐಎ ಹಣ ಹರಿದಿದ್ದು ಬಯಲಿಗೆ ಬಂತು. 1967ರಲ್ಲಿ ಇನ್ನಷ್ಟು ಹೊರಬಂತು. ಹಣ ಸಾಗಿಸುವುದಕ್ಕೆ ಅಂತಲೇ ಬಳಕೆಯಾಗುತ್ತಿದ್ದ ಫಾರ್‌ಫೀಲ್ಡ್ ಫೌಂಡೇಶನ್, ಅದರ ಹಣದಿಂದ ನಡೆಯುತ್ತಾ ಹಲವು ಪತ್ರಿಕೆ ಹೊರತರುತ್ತಿದ್ದ, ಲೇಖಕರ ಸಂಘಟನೆ ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ, ಹಲವು ದೇಶಗಳಲ್ಲಿ ಕಚೇರಿ ಇದ್ದ ಏಷ್ಯಾ ಫೌಂಡೇಶನ್. ಎಷ್ಟೋ ಲೇಖಕರು ತಾವು ಬರೆಯುತ್ತಿದ್ದ ಪತ್ರಿಕೆಗೆ ಹಣ ಎಲ್ಲಿಂದ ಬರುತ್ತಿತ್ತು ಅಂತ ಆಗಲೇ ತಿಳಿದುಕೊಂಡದ್ದು. ಗುಟ್ಟಾಗಿ ಇಂಥ ಹಣ ಕೊಡುವುದನ್ನು ನಿಲ್ಲಿಸುತ್ತೇವೆ ಅಂತ ಅಮೆರಿಕ ಸರ್ಕಾರ ಆಮೇಲೆ ಹೇಳಬೇಕಾಯಿತು. 1983ರಲ್ಲಿ ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ ಬಂತು. ಹೆಸರಿಗೆ ಖಾಸಗಿ, ಹಣ ಬಹುಪಾಲು ಅಮೆರಿಕದ ಸಂಸತ್ತಿನದು, ಅದೂ ಬಹಿರಂಗವಾಗಿ.

ಇದರಿಂದ ಆದ ಹಾನಿ ದೊಡ್ಡದು. ಸ್ವಂತ ಹಣದಲ್ಲಿ, ಸ್ವಂತ ನಂಬಿಕೆಯಿಂದ ಕೆಲಸ ಮಾಡುವವರ ಮೇಲೂ ಅರವತ್ತು ವರ್ಷದಿಂದ ಆ ನೆರಳು ಬಿದ್ದಿದೆ.

ಪ್ರಶ್ನೆ: ನಿಮ್ಮ ಬರಹ ಓದಿದರೆ ಪ್ರತಿಷ್ಠಾನಗಳಿಂದ ಒಳ್ಳೆಯದೇ ಆಗಿಲ್ಲ ಅನಿಸುತ್ತದೆ. ಸರ್ಕಾರಕ್ಕೆ ಆಗದ ಕೆಲಸ ಇವರು ಮಾಡಿದ ಒಂದಾದರೂ ಉದಾಹರಣೆ ಕೊಡಿ.

ಉತ್ತರ: ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗ ಇದೆ. ಆಗಿನ ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡ್ ಹತ್ತಿರ ವಿಂಚಾ ಅಂತ ಒಂದು ಜಾಗ, ಅಲ್ಲಿ ಹಳೆಯ ಪರಮಾಣು ಸಂಶೋಧನಾ ಸಂಸ್ಥೆ. ಅದರಲ್ಲಿ ಬಾಂಬಿಗೆ ಬಳಸಬಹುದಾದ ಯುರೇನಿಯಂ 48 ಕಿಲೋ ಇತ್ತು, ಕಾವಲು ಸಾಲದು. ಕನಿಷ್ಠ ಎರಡು ಬಾಂಬಿಗೆ ಸಾಕಾಗುವಷ್ಟು. ಅದನ್ನು ಅಲ್ಲಿಂದ ತೆಗೆಯಬೇಕು ಅಂತ ಅಮೆರಿಕಕ್ಕೂ ಆಸೆ, ರಷ್ಯಾಕ್ಕೂ ಒಪ್ಪಿಗೆ. ಯುಗೊಸ್ಲಾವಿಯದವರು ಒಂದು ಷರತ್ತು ಹಾಕಿದರು. ಯುರೇನಿಯಂ ಕೊಡುತ್ತೇವೆ, ಆದರೆ ಅಲ್ಲೇ ಕೊಳದಲ್ಲಿ ಕೊಳೆಯುತ್ತಿರುವ ಬಳಸಿದ ಇಂಧನವನ್ನೂ ಸ್ವಚ್ಛ ಮಾಡಲು ನೆರವು ಕೊಡಿ. ನ್ಯಾಯವಾದ ಬೇಡಿಕೆ. ಆದರೆ ಅಮೆರಿಕದ ಕಾನೂನಿನಲ್ಲಿ ಆ ಸ್ವಚ್ಛತೆಯ ಕೆಲಸಕ್ಕೆ ಹಣ ಕೊಡಲು ದಾರಿ ಇರಲಿಲ್ಲ. ಎಲ್ಲ ಅಲ್ಲಿಗೇ ನಿಂತಿತು. ಆಗ ಮುಂದೆ ಬಂದದ್ದು ನ್ಯೂಕ್ಲಿಯರ್ ಥ್ರೆಟ್ ಇನಿಶಿಯೇಟಿವ್. ಸಿಎನ್‌ಎನ್ ಸುದ್ದಿವಾಹಿನಿ ಕಟ್ಟಿದ ಟೆಡ್ ಟರ್ನರ್ ಹಣ ಹಾಕಿ, ಮಾಜಿ ಸೆನೆಟರ್ ಸ್ಯಾಮ್ ನನ್ ಜೊತೆ 2001ರಲ್ಲಿ ಶುರು ಮಾಡಿದ ಸಂಸ್ಥೆ. 50 ಲಕ್ಷ ಡಾಲರ್ ಕೊಡುತ್ತೇವೆ ಅಂದರು. 2002ರ ಆಗಸ್ಟ್ 22ರಂದು ನಸುಕಿನಲ್ಲಿ, ಸಾವಿರಕ್ಕೂ ಹೆಚ್ಚು ಸೈನಿಕರ ಕಾವಲಿನಲ್ಲಿ ಲಾರಿಗಳು ಹೊರಟವು, ಯುರೇನಿಯಂ ವಿಮಾನ ಹತ್ತಿ ರಷ್ಯಾಕ್ಕೆ ಹೋಯಿತು.

ಮೂರು ಸರ್ಕಾರಗಳಿಗೆ ಮನಸ್ಸಿದ್ದೂ ಆಗದೇ ನಿಂತಿದ್ದ ಕೆಲಸ ಖಾಸಗಿ ಹಣದಿಂದ ಮುಂದೆ ಸರಿಯಿತು. ಇದನ್ನು ಹೇಗೆ ಬೇಡ ಅನ್ನಲಿ?

ಇದಕ್ಕೂ ಹಿಂದೆ, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುತ್ತಿದ್ದಾಗ ಅದರ ಪರಮಾಣು ಸಿಡಿತಲೆಗಳ ಗತಿ ಏನು ಅಂತ ಯೋಚಿಸಿದ ವಿದ್ವಾಂಸರಿಗೆ ಕಾರ್ನೆಗಿ ಕಟ್ಟಿದ ಇನ್ನೊಂದು ಪ್ರತಿಷ್ಠಾನ ಕಾರ್ನೆಗಿ ಕಾರ್ಪೊರೇಷನ್ ಹಣ ಕೊಟ್ಟಿತ್ತು. ಅವರಲ್ಲಿ ಒಬ್ಬರು ಆಶ್ಟನ್ ಕಾರ್ಟರ್, ಮುಂದೆ ಅಮೆರಿಕದ ರಕ್ಷಣಾ ಸಚಿವರಾದವರು. ಆ ಸಿಡಿತಲೆಗಳನ್ನು ಕಳಚಲು ಅಮೆರಿಕ ಹಣ ಕೊಡಲಿ ಅಂತ ನನ್ ಮತ್ತು ಲೂಗರ್ ಎಂಬ ಇಬ್ಬರು ಸೆನೆಟರ್‌ಗಳು ತಂದ ಕಾನೂನಿಗೆ ಆ ಅಧ್ಯಯನ ಕೈಗೆ ಬಂದ ಕಾಗದ ಆಯಿತು. ಆ ಕಾರ್ಯಕ್ರಮದಲ್ಲಿ 7,600ರಷ್ಟು ಸಿಡಿತಲೆಗಳು ನಿಷ್ಕ್ರಿಯವಾದವು. ನೋಡಿ, ಗ್ರೀನ್‌ಲ್ಯಾಂಡ್ ಟಿಪ್ಪಣಿಯ ದಾರಿಯೇ ಇದು. ಈ ಸಲ ಫಲ ಜಗತ್ತಿಗೆಲ್ಲ ಸಿಕ್ಕಿತು.

ಇರಾನ್ ವಿಷಯ ಬೇರೆ. ಅಮೆರಿಕ ಮತ್ತು ಇರಾನ್ ನಡುವೆ 1980ರಿಂದ ರಾಜತಾಂತ್ರಿಕ ಸಂಬಂಧವೇ ಇಲ್ಲ. ರಾಕ್‌ಫೆಲರ್ ಕುಟುಂಬದ ಇನ್ನೊಂದು ಪ್ರತಿಷ್ಠಾನವಾದ ರಾಕ್‌ಫೆಲರ್ ಬ್ರದರ್ಸ್ ಫಂಡ್ 2002ರಿಂದ ಎರಡೂ ಕಡೆಯ ಮಾಜಿ ಅಧಿಕಾರಿಗಳನ್ನು, ಬಲ್ಲವರನ್ನು ಯುರೋಪಿನಲ್ಲಿ ಸದ್ದಿಲ್ಲದೆ ಕೂರಿಸಿ ಮಾತಾಡಿಸಿತು. 2015ರಲ್ಲಿ ಪರಮಾಣು ಒಪ್ಪಂದ ಆದಾಗ ಆ ಮಾತುಕತೆಗಳ ಪಾಲು ಅದರಲ್ಲಿತ್ತು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂತು, ಪ್ರತಿಷ್ಠಾನಕ್ಕೆ ಏನೂ ಮಾಡಲಾಗಲಿಲ್ಲ.

ಪ್ರಶ್ನೆ: ಸೊರೊಸ್ ಬಗ್ಗೆ ಯಾಕೆ ಬಾಯಿ ಬಿಡುತ್ತಿಲ್ಲ? ಸರ್ಕಾರಗಳನ್ನೇ ಉರುಳಿಸುವ ಮನುಷ್ಯ ಅಲ್ವಾ?

ಉತ್ತರ: ಬಿಡುತ್ತೇನೆ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಹೂಡಿಕೆಯಿಂದ ಶ್ರೀಮಂತರಾದ ಜಾರ್ಜ್ ಸೊರೊಸ್ 1984ರಲ್ಲಿ ಕಮ್ಯುನಿಸ್ಟ್ ಹಂಗೆರಿಯಲ್ಲಿ, ಅಲ್ಲಿನ ವಿಜ್ಞಾನ ಅಕಾಡೆಮಿಯ ಜೊತೆ ಒಪ್ಪಂದ ಮಾಡಿಕೊಂಡು ಪ್ರತಿಷ್ಠಾನ ತೆರೆದರು. ಅದು ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಗ್ರಂಥಾಲಯಗಳಿಗೆ, ವಿಶ್ವವಿದ್ಯಾಲಯಗಳಿಗೆ ಜೆರಾಕ್ಸ್ ಯಂತ್ರ ಒದಗಿಸಿದ್ದು. ನಮಗೆ ಇದು ಏನು ಮಹಾ ಅನಿಸಬಹುದು. ಏನು ಮುದ್ರಿಸಬೇಕು ಅಂತ ಪಕ್ಷವೇ ತೀರ್ಮಾನಿಸುವ ದೇಶದಲ್ಲಿ, ಒಂದು ಹಾಳೆಯನ್ನು ನೂರು ಹಾಳೆ ಮಾಡುವ ಯಂತ್ರ ಸಣ್ಣ ವಿಷಯ ಅಲ್ಲ. ವಿದ್ಯಾರ್ಥಿವೇತನವನ್ನೂ ಕೊಟ್ಟರು. 1989ರಲ್ಲಿ ಆ ಹಣದಲ್ಲಿ ಆಕ್ಸ್‌ಫರ್ಡ್‌ಗೆ ಹೋದ ಯುವಕರಲ್ಲಿ ವಿಕ್ಟರ್ ಓರ್ಬಾನ್ ಒಬ್ಬರು. ಮುಂದೆ ಪ್ರಧಾನಿಯಾದ ಮೇಲೆ ಅದೇ ಓರ್ಬಾನ್ ಸರ್ಕಾರ 2017ರಲ್ಲಿ ತಂದ ಕಾನೂನಿನಿಂದ ಸೊರೊಸ್ ಕಟ್ಟಿದ ಸೆಂಟ್ರಲ್ ಯುರೋಪಿಯನ್ ವಿಶ್ವವಿದ್ಯಾಲಯ ಬುಡಾಪೆಸ್ಟ್ ಬಿಟ್ಟು ವಿಯೆನ್ನಾಕ್ಕೆ ಹೋಗಬೇಕಾಯಿತು. ಹಣ ಕೊಟ್ಟರೆ ಮನಸ್ಸೂ ಸಿಗುತ್ತದೆ ಅನ್ನುವವರು ಇದನ್ನು ನೆನಪಿಡಬೇಕು.

ಸರ್ಕಾರ ಉರುಳಿಸುವ ಮಾತು. 1989ರಲ್ಲಿ ಪೂರ್ವ ಯುರೋಪಿನ ಆಡಳಿತಗಳು ಬಿದ್ದದ್ದು ಹದಗೆಟ್ಟ ಆರ್ಥಿಕತೆಯಿಂದ, ಸೋವಿಯತ್ ನಾಯಕ ಗೋರ್ಬಚೆವ್ ಸೈನ್ಯ ಕಳಿಸದೇ ಇದ್ದದ್ದರಿಂದ, ಬೀದಿಗೆ ಇಳಿದ ಜನರಿಂದ. ಒಬ್ಬ ಶ್ರೀಮಂತ ಇದನ್ನೆಲ್ಲ ಮಾಡಿಸಿದ ಅನ್ನುವುದು ಆ ಜನರಿಗೆ ಮಾಡುವ ಅವಮಾನ. ಇನ್ನೊಂದು ಮಾತು ನೇರವಾಗಿ ಹೇಳಬೇಕು. ಯಹೂದಿ ಹಣವಂತನೊಬ್ಬ ತೆರೆಮರೆಯಲ್ಲಿ ಕೂತು ಜಗತ್ತನ್ನು ಆಡಿಸುತ್ತಾನೆ ಅನ್ನುವ ಕಥೆ ಸೊರೊಸ್‌ಗಿಂತ ತುಂಬಾ ಹಳೆಯದು, ಅದು ಯುರೋಪಿನಲ್ಲಿ ಎಂಥ ಕೊಲೆಗಳಿಗೆ ದಾರಿ ಮಾಡಿತು ಅಂತ ಗೊತ್ತಿದ್ದೂ ಅದನ್ನೇ ಮತ್ತೆ ಹೇಳಬಾರದು. ಅವರ ಅನುದಾನಗಳನ್ನು ಟೀಕಿಸಿ, ಲೆಕ್ಕ ಕೇಳಿ, ಖಂಡಿತ ಕೇಳಿ. ಕೋಕ್ ಸಹೋದರರಲ್ಲಿ ಒಬ್ಬರಾದ ಬಲಪಂಥೀಯ ಉದ್ಯಮಿ ಚಾರ್ಲ್ಸ್ ಕೋಕ್ ಅವರನ್ನೂ ಕೇಳಿ. ಅಂದ ಹಾಗೆ, ಅಮೆರಿಕ ಯುದ್ಧಗಳನ್ನು ಕಡಿಮೆ ಮಾಡಬೇಕು ಅಂತ ವಾದಿಸುವ ಕ್ವಿನ್ಸಿ ಇನ್‌ಸ್ಟಿಟ್ಯೂಟ್‌ಗೆ 2019ರಲ್ಲಿ ಆರಂಭದ ಹಣ ಕೊಟ್ಟವರಲ್ಲಿ ಸೊರೊಸ್, ಕೋಕ್ ಇಬ್ಬರೂ ಇದ್ದರು.

ಪ್ರಶ್ನೆ: ವಿಶ್ವ ಆರೋಗ್ಯ ಸಂಸ್ಥೆ ಈಗ ಗೇಟ್ಸ್ ಹೇಳಿದಂತೆ ಕೇಳುತ್ತದೆಯೇ?

ಉತ್ತರ: ಹೇಳಿದಂತೆ ಕೇಳುವುದಿಲ್ಲ, ಆದರೆ ಹಣ ಹೋದ ಕಡೆ ಹೋಗುತ್ತದೆ. ದೇಶಗಳು ಕಡ್ಡಾಯವಾಗಿ ಕಟ್ಟುವ ವಂತಿಗೆ ಆ ಸಂಸ್ಥೆಯ ಬಜೆಟ್ಟಿನ ಐದರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದು ಸ್ವಇಚ್ಛೆಯ ಹಣ, ಅದರಲ್ಲಿ ಬಹುಪಾಲು "ಇದಕ್ಕೇ ಖರ್ಚು ಮಾಡಿ" ಅಂತ ಚೀಟಿ ಅಂಟಿಸಿ ಬರುವ ಹಣ. ಗೇಟ್ಸ್ ಪ್ರತಿಷ್ಠಾನ ಹಲವು ವರ್ಷ ಅಮೆರಿಕದ ನಂತರ ಎರಡನೇ ದೊಡ್ಡ ದಾನಿ, ಬಜೆಟ್ಟಿನ ಸುಮಾರು ಹತ್ತನೇ ಒಂದು ಪಾಲು. ಅದರ ದೊಡ್ಡ ಭಾಗ ಪೋಲಿಯೊಗೆ. ಪೋಲಿಯೊ ತೊಲಗಬೇಕು, ಎರಡು ಮಾತಿಲ್ಲ. ಆದರೆ ಒಂದು ಬಡ ದೇಶದ ಆರೋಗ್ಯ ಸಚಿವರಿಗೆ ಆ ವರ್ಷ ಬೇಕಾಗಿರುವುದು ಹೆರಿಗೆ ಆಸ್ಪತ್ರೆ, ದಾದಿಯರ ಸಂಬಳ ಆಗಿರಬಹುದು. ಅದಕ್ಕೆ ಹಣ ಕಡಿಮೆ.

ತಪ್ಪು ಗೇಟ್ಸ್ ಒಬ್ಬರದೇ ಅಂತ ನಾನು ಹೇಳಲಾರೆ. ವಂತಿಗೆ ಏರಿಸಲು ದಶಕಗಟ್ಟಲೆ ಒಪ್ಪದಿದ್ದವು ಸರ್ಕಾರಗಳೇ. ಕಡ್ಡಾಯ ವಂತಿಗೆಯನ್ನು ಮೂಲ ಬಜೆಟ್ಟಿನ ಅರ್ಧದವರೆಗೆ ಹಂತಹಂತವಾಗಿ ಏರಿಸುವ ತೀರ್ಮಾನ 2022ರಲ್ಲಷ್ಟೇ ಆಯಿತು. ಆಮೇಲೆ 2025ರ ಜನವರಿಯಲ್ಲಿ ಅಮೆರಿಕ ಆ ಸಂಸ್ಥೆಯಿಂದಲೇ ಹೊರಡುತ್ತೇನೆ ಅಂತು, ಅದೇ ವರ್ಷ ಯುಎಸ್‌ಏಡ್ ಕೂಡ ಮುಚ್ಚಿತು. ಯುಎಸ್‌ಏಡ್ ವರ್ಷಕ್ಕೆ ನಿಭಾಯಿಸುತ್ತಿದ್ದದ್ದು ಸುಮಾರು 4,000 ಕೋಟಿ ಡಾಲರ್. ಗೇಟ್ಸ್ ಪ್ರತಿಷ್ಠಾನದ 2024ರ ಖರ್ಚು 800 ಕೋಟಿ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಸರ್ಕಾರ ಕೈಬಿಟ್ಟದ್ದನ್ನು ದಾನಿಗಳು ಎತ್ತಿಕೊಳ್ಳುತ್ತಾರೆ ಅನ್ನುವವರು ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಲಿ.

ಪ್ರಶ್ನೆ: ಚುನಾವಣೆಗೆ ನಿಲ್ಲದ ಇವರನ್ನು ಕೇಳುವವರು ಯಾರು?

ಉತ್ತರ: ಅಮೆರಿಕದಲ್ಲಿ ಕಾನೂನು ಇದೆ, ಆದರೆ ಸಡಿಲ. 1969ರ ತೆರಿಗೆ ಕಾನೂನಿನ ನಂತರ ಖಾಸಗಿ ಪ್ರತಿಷ್ಠಾನಗಳು ಶಾಸಕರ ಮುಂದೆ ಒಂದು ಮಸೂದೆ ಪರವಾಗಿ ನೇರ ಲಾಬಿ ಮಾಡುವಂತಿಲ್ಲ. ಆಸ್ತಿಯ ಸುಮಾರು ನೂರಕ್ಕೆ 5ರಷ್ಟನ್ನು ಪ್ರತಿ ವರ್ಷ ಖರ್ಚು ಮಾಡಲೇಬೇಕು. 990-ಪಿಎಫ್ ಎಂಬ ನಮೂನೆಯಲ್ಲಿ ಯಾರಿಗೆ ಎಷ್ಟು ಕೊಟ್ಟೆವು ಅಂತ ತೋರಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಆದರೆ "ಅಧ್ಯಯನ"ಕ್ಕೆ ಹಣ ಕೊಡಲು ಅಡ್ಡಿ ಇಲ್ಲ, ಪ್ರಭಾವ ಹರಿಯುವುದು ಅಲ್ಲಿಂದಲೇ ಅಂತ ಆಗಲೇ ಹೇಳಿದೆ. ತೆರಿಗೆ ವಿನಾಯಿತಿ ಇರುವುದರಿಂದ ಆ ಹಣದಲ್ಲಿ ಜನರ ಪಾಲೂ ಇದೆ. ಆದ್ದರಿಂದ ಕೇಳುವ ಹಕ್ಕು ಜನರಿಗಿದೆ ಅಂತ ನನ್ನ ಗಟ್ಟಿ ನಂಬಿಕೆ.

ಕೆಲವು ಸರ್ಕಾರಗಳು ಹಿಡಿದ ದಾರಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ರಷ್ಯಾ 2012ರಲ್ಲಿ "ವಿದೇಶಿ ಏಜೆಂಟ್" ಕಾನೂನು ತಂದಿತು, 2015ರಲ್ಲಿ ಸೊರೊಸ್ ಅವರ ಪ್ರತಿಷ್ಠಾನ ಓಪನ್ ಸೊಸೈಟಿಯನ್ನು "ಬೇಡದ ಸಂಸ್ಥೆ" ಅಂತ ಘೋಷಿಸಿತು. ದೊಡ್ಡ ಪ್ರತಿಷ್ಠಾನ ಗಂಟುಮೂಟೆ ಕಟ್ಟಿಕೊಂಡು ಬೇರೆ ದೇಶಕ್ಕೆ ಹೋಗುತ್ತದೆ. ಅದರ ಹಣದಿಂದ ಜೈಲಿನ ಕೈದಿಗಳ ಪರ ವಾದಿಸುತ್ತಿದ್ದ ಸ್ಥಳೀಯ ವಕೀಲರು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾನು ಅಂತಾರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಎಂ.ಎ. ಮುಗಿಸುತ್ತಿದ್ದೇನೆ. ಒಂದು ವಿದೇಶಿ ಪ್ರತಿಷ್ಠಾನದ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. "ನಿನ್ನನ್ನು ನೀನೇ ಮಾರಿಕೊಳ್ಳುತ್ತಿದ್ದೀಯ" ಅಂತ ಗೆಳತಿ ಹೇಳಿದಳು. ಎರಡು ದಿನದಿಂದ ನಿದ್ದೆ ಇಲ್ಲ.

ಉತ್ತರ: ನಿದ್ದೆ ಮಾಡಮ್ಮ. ಅರ್ಜಿ ಹಾಕುವುದು ಮಾರಿಕೊಳ್ಳುವುದಲ್ಲ. ಮೇಲೆ ನಾನು ಬರೆದದ್ದನ್ನು ಓದಿ ನೀವು ಇನ್ನಷ್ಟು ಹೆದರಬಾರದು, ಹಾಗಾಗಿ ಈ ಪತ್ರವನ್ನು ಕೊನೆಗೆ ಇಟ್ಟುಕೊಂಡೆ. ಓದುವ ಅವಕಾಶ ಸುಲಭವಾಗಿ ಸಿಗುವುದಿಲ್ಲ, ಆ ಹಣದಲ್ಲಿ ಓದಿ ಆ ಹಣ ಕೊಟ್ಟವರನ್ನೇ ಪ್ರಶ್ನಿಸಿದವರು ಎಷ್ಟೋ ಜನ ಇದ್ದಾರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಇಷ್ಟು ಮಾಡುತ್ತಿದ್ದೆ. ಅರ್ಜಿ ನಮೂನೆ ತೆರೆಯುವ ಮೊದಲೇ ನನ್ನ ಸಂಶೋಧನೆಯ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ, ನನ್ನ ಮಾತಿನಲ್ಲಿ ಬರೆದು, ತಾರೀಖು ಹಾಕಿ ಎತ್ತಿಡುತ್ತಿದ್ದೆ. ನಾವು ಮೂವರು ಅದನ್ನು ಮಾಡಿರಲಿಲ್ಲ. ಆಮೇಲೆ ಒಪ್ಪಂದದ ಪತ್ರದಲ್ಲಿ ಎರಡು ಕಡೆ ಬೆರಳಿಟ್ಟು ಓದಿ: ಬರೆದದ್ದನ್ನು ಪ್ರಕಟಿಸುವ ಮೊದಲು ಅವರ ಅನುಮತಿ ಬೇಕೇ, ಮಧ್ಯದಲ್ಲಿ ವಿಷಯ ಬದಲಿಸಲು ಅವರಿಗೆ ಹಕ್ಕಿದೆಯೇ. ಅನುಮತಿ ಬೇಕು ಅಂತಿದ್ದರೆ ಬರೆದು ಕೇಳಿ, ಆ ಷರತ್ತು ತೆಗೆಯಲು ಒಪ್ಪುವ ಸಂಸ್ಥೆಗಳಿವೆ. ಆರು ತಿಂಗಳಿಗೊಮ್ಮೆ ಆ ಹಳೆಯ ಹಾಳೆ ತೆಗೆದು ನೋಡಿ, ಸಾಧ್ಯವಾದರೆ ನಿಮ್ಮ ಗೆಳತಿಗೂ ತೋರಿಸಿ. ಅವಳು ಕಟುವಾಗಿ ಮಾತಾಡಿದರೂ ಇಂಥ ಕೆಲಸಕ್ಕೆ ಅವಳಂಥವರೇ ಬೇಕು.

ಕೊನೆಯ ದಿನಾಂಕ ಯಾವಾಗ ಅಂತ ನೀವು ಬರೆದಿಲ್ಲ. ಹತ್ತಿರವಿದ್ದರೆ ಮೊದಲು ಅರ್ಜಿ ಕಳಿಸಿ, ಒಪ್ಪಂದದ ಪತ್ರ ಬಂದ ಮೇಲೆ ನನಗೆ ಮತ್ತೆ ಬರೆಯಿರಿ. ಇಬ್ಬರೂ ಕೂತು ಓದೋಣ.